ಕಲಾ ದಿನಚರಿ

ಕಲಾ ದಿನಚರಿ ಅಥವಾ ಆರ್ಟ್ ಜರ್ನಲ್ ಎಂಬುದು ಬರಹದ ಜೊತೆಗೆ ಚಿತ್ರ, ಬಣ್ಣ, ಅಂಟಿಸಿದ ಕಾಗದದ ತುಣುಕುಗಳು ಹಾಗೂ ಮುದ್ರೆಯೊತ್ತಿದ ಆಕೃತಿಗಳನ್ನು ಒಳಗೊಂಡ, ಸಾಮಾನ್ಯವಾಗಿ ಒಬ್ಬ ವ್ಯಕ್ತಿ ತನಗಾಗಿಯೇ ಸಿದ್ಧಪಡಿಸಿಕೊಳ್ಳುವ ಪುಸ್ತಕ. ದಿನಚರಿಯಂತೆ ಇದು ಕಾಲಕ್ರಮವನ್ನು ಅನುಸರಿಸಬಹುದು, ಅನುಸರಿಸಲೇಬೇಕೆಂಬ ನಿಯಮವಿಲ್ಲ. ಚಿತ್ರಕಾರರ ಸ್ಕೆಚ್ ಪುಸ್ತಕದಲ್ಲಿ ಮುಂದೆ ರಚಿಸಲಿರುವ ಕೃತಿಯ ಪೂರ್ವಸಿದ್ಧತೆ ಇರುತ್ತದೆ. ಕಲಾ ದಿನಚರಿಯಲ್ಲಿ ಪುಟವೇ ಅಂತಿಮ ಕೃತಿ. ಸ್ಕ್ರಾಪ್‌ಬುಕ್‌ನಲ್ಲಿ ಸಂಗ್ರಹಿಸಿದ ವಸ್ತು ಮುಖ್ಯವಾದರೆ, ಇಲ್ಲಿ ಆ ವಸ್ತುವಿನಿಂದ ಹೊಸದಾಗಿ ಕಟ್ಟಿದ ಪುಟ ಮುಖ್ಯವಾಗುತ್ತದೆ. ಆದರೂ ಈ ಮೂರರ ನಡುವಿನ ಗಡಿ ಬಹಳ ತೆಳುವಾದದ್ದು.

ಇಂತಹ ಪುಸ್ತಕಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ತಂತ್ರಗಳು ಎರಡು. ಮೊದಲನೆಯದು ಕೊಲಾಜ್, ಅಂದರೆ ಬೇರೆಬೇರೆ ಮೂಲದ ಕಾಗದ ಮತ್ತು ಬಟ್ಟೆಯ ತುಣುಕುಗಳನ್ನು ಅಂಟಿಸಿ ಚಿತ್ರ ರಚಿಸುವುದು. ಎರಡನೆಯದು ರಬ್ಬರ್ ಮುದ್ರೆ, ಅಂದರೆ ಉಬ್ಬು ಆಕೃತಿಯುಳ್ಳ ರಬ್ಬರ್ ತುಂಡಿಗೆ ಶಾಯಿ ಸವರಿ ಪುಟದ ಮೇಲೆ ಒತ್ತುವುದು. ಚಿತ್ರ ಬರೆಯಲು ಬಾರದವರೂ ಇವೆರಡರ ನೆರವಿನಿಂದ ಪುಟವನ್ನು ರೂಪಿಸಬಲ್ಲರು. ಈ ಕಲೆ ಹವ್ಯಾಸಿಗಳ ನಡುವೆ ಹರಡಲು ಇದೂ ಒಂದು ಕಾರಣ.

ಹಿನ್ನೆಲೆ

ಕಾಗದ ಕತ್ತರಿಸಿ ಅಂಟಿಸುವ ಅಭ್ಯಾಸ ಆಧುನಿಕ ಕಲೆಗಿಂತ ಹಳೆಯದು. ಇಂಗ್ಲೆಂಡಿನ ಮೇರಿ ಡಿಲೇನಿ ಎಂಬ ಮಹಿಳೆ 1772ರಲ್ಲಿ, ಎಪ್ಪತ್ತು ವರ್ಷ ದಾಟಿದ ಮೇಲೆ, ಬಣ್ಣದ ಕಾಗದದ ನೂರಾರು ಸಣ್ಣ ಚೂರುಗಳನ್ನು ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂಗಿಡಗಳ ಚಿತ್ರಗಳನ್ನು ರಚಿಸಲು ಆರಂಭಿಸಿದಳು. ಸುಮಾರು ಹತ್ತು ವರ್ಷಗಳ ನಂತರ ದೃಷ್ಟಿ ಮಂದವಾಗಿ ಕೆಲಸ ನಿಲ್ಲಿಸುವಷ್ಟರಲ್ಲಿ ಅವಳು 900ಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದ್ದಳು. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮುದ್ರಿತ ಕಾಗದ ಅಗ್ಗವಾಗುತ್ತಿದ್ದಂತೆ ಯುರೋಪ್ ಮತ್ತು ಅಮೆರಿಕದ ಮನೆಗಳಲ್ಲಿ ಪತ್ರಿಕೆಯ ತುಣುಕು, ಜಾಹೀರಾತಿನ ಚೀಟಿ, ಶುಭಾಶಯ ಪತ್ರಗಳನ್ನು ಪುಸ್ತಕದಲ್ಲಿ ಅಂಟಿಸಿಡುವುದು ರೂಢಿಯಾಯಿತು. ಲೇಖಕ ಮಾರ್ಕ್ ಟ್ವೇನ್ ಸ್ವತಃ ಇಂತಹ ಸಂಗ್ರಹಕಾರನಾಗಿದ್ದ. ಪುಟಗಳಲ್ಲಿ ಮೊದಲೇ ಒಣಗೋಂದಿನ ಪಟ್ಟಿಗಳಿದ್ದು, ನೀರು ತಾಗಿಸಿದರೆ ಅಂಟಿಕೊಳ್ಳುವ ಪುಸ್ತಕವೊಂದಕ್ಕೆ ಆತ 1873ರಲ್ಲಿ ಪೇಟೆಂಟ್ ಪಡೆದನು.

ಕೊಲಾಜ್ ಎಂಬ ಪದವು ಅಂಟಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. 1912ರಲ್ಲಿ ಪಾಬ್ಲೋ ಪಿಕಾಸೋ, ಬೆತ್ತದ ಕುರ್ಚಿಯ ಹೆಣಿಗೆಯನ್ನು ಅಚ್ಚು ಹಾಕಿದ್ದ ಮೇಣಗಪಟದ ತುಂಡನ್ನು ತನ್ನ ವರ್ಣಚಿತ್ರದಲ್ಲಿ ಅಂಟಿಸಿದನು. ಅದೇ ವರ್ಷ ಜಾರ್ಜ್ ಬ್ರಾಕ್ ಮರದ ಗೆರೆಗಳನ್ನು ಹೋಲುವ ಗೋಡೆಕಾಗದವನ್ನು ರೇಖಾಚಿತ್ರಗಳಲ್ಲಿ ಬಳಸಿದನು. ಅಂದಿನಿಂದ ಇದು ಕಲಾವಿಮರ್ಶೆಯ ಪರಿಭಾಷೆಯಲ್ಲಿ ಸೇರಿತು. ಜರ್ಮನಿಯ ಕುರ್ಟ್ ಶ್ವಿಟ್ಟರ್ಸ್ ಟ್ರಾಮ್ ಟಿಕೆಟ್ಟು, ಹೊದಿಕೆಕಾಗದ, ಲೇಬಲ್ಲುಗಳಂತಹ ಎಸೆದ ವಸ್ತುಗಳಿಂದ ಕೊಲಾಜ್ ಮಾಡಿದವನು. ಕಚೇರಿಗಳಲ್ಲಿ ಬಳಸುವ ರಬ್ಬರ್ ಮುದ್ರೆಗಳನ್ನು 1919ರ ವೇಳೆಗೆ ಚಿತ್ರದೊಳಗೆ ತಂದವರಲ್ಲಿ ಆತನೂ ಒಬ್ಬ. ಮುದ್ರೆ ಮತ್ತು ಅಂಟಿಸಿದ ಕಾಗದ ಒಂದೇ ಹಾಳೆಯ ಮೇಲೆ ಕೂಡಿದ ಆರಂಭದ ಉದಾಹರಣೆಗಳು ಇವೇ.

ಶ್ವಿಟ್ಟರ್ಸ್‌ನ ಸಮಕಾಲೀನಳಾದ ಹನ್ನಾ ಹೋಖ್ ಕಲಾ ದಿನಚರಿಯ ಚರಿತ್ರೆಗೆ ಇನ್ನೂ ಹತ್ತಿರದವಳು. ಆಕೆ 1933ರ ಸುಮಾರಿಗೆ ಮಹಿಳಾ ಪತ್ರಿಕೆಯೊಂದರ ಹಳೆಯ ಸಂಚಿಕೆಗಳನ್ನೇ ಪುಸ್ತಕವನ್ನಾಗಿ ಮಾಡಿಕೊಂಡು, ಅದರ ಪುಟಗಳ ಮೇಲೆ ಬೇರೆ ಪತ್ರಿಕೆಗಳಿಂದ ಕತ್ತರಿಸಿದ 400ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಅಂಟಿಸಿದ್ದಳು. ನಾಟ್ಸಿ ಆಡಳಿತದಲ್ಲಿ ಈ ಬಗೆಯ ಕಲೆಗೆ ಅವನತ ಕಲೆ ಎಂಬ ಹಣೆಪಟ್ಟಿ ಬಿತ್ತು. ಅಂತಹ ಕೃತಿಗಳನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪಾಯವಾಗಿದ್ದಾಗ ಹೋಖ್ ಬರ್ಲಿನ್ನಿನ ಹೊರವಲಯದ ಸಣ್ಣ ಮನೆಗೆ ಸರಿದು, ತನ್ನ ಮತ್ತು ಗೆಳೆಯರ ಕೃತಿಗಳನ್ನು ಯುದ್ಧ ಮುಗಿಯುವವರೆಗೂ ಬಚ್ಚಿಟ್ಟು ಕಾಪಾಡಿದಳು.

ಇಂದಿನ ಹವ್ಯಾಸಿಗಳ ಮೇಲೆ ಹೆಚ್ಚು ಪ್ರಭಾವ ಬೀರಿದ ಪುಸ್ತಕಗಳಲ್ಲಿ ಡ್ಯಾನ್ ಎಲ್ಡನ್‌ನ ದಿನಚರಿಗಳು ಸೇರಿವೆ. ಲಂಡನ್ನಿನಲ್ಲಿ ಹುಟ್ಟಿ ನೈರೋಬಿಯಲ್ಲಿ ಬೆಳೆದ ಈತ ರಾಯಿಟರ್ಸ್ ಸುದ್ದಿಸಂಸ್ಥೆಯ ಛಾಯಾಗ್ರಾಹಕನಾಗಿದ್ದ. 1993ರ ಜುಲೈ 12ರಂದು ಸೊಮಾಲಿಯಾದ ಮೊಗದಿಶುವಿನಲ್ಲಿ ನಡೆದ ವೈಮಾನಿಕ ದಾಳಿಯನ್ನು ವರದಿ ಮಾಡಲು ಹೋದಾಗ ಉದ್ರಿಕ್ತ ಜನರ ಗುಂಪಿನಿಂದ ಹತನಾದನು. ಆಗ ಅವನ ವಯಸ್ಸು 22. ಛಾಯಾಚಿತ್ರ, ಟಿಕೆಟ್ಟು, ಬಣ್ಣ, ಕೈಬರಹಗಳಿಂದ ಇಮ್ಮಡಿ ದಪ್ಪವಾಗಿ ಉಬ್ಬಿದ್ದ ಅವನ ಪುಸ್ತಕಗಳಿಂದ ಆಯ್ದ ಪುಟಗಳು 1997ರಲ್ಲಿ ಪ್ರಕಟವಾದವು. ಮೆಕ್ಸಿಕೋದ ಚಿತ್ರಕಲಾವಿದೆ ಫ್ರಿಡಾ ಕಾಹ್ಲೋ ತನ್ನ ಕೊನೆಯ ಹತ್ತು ವರ್ಷ ಬರೆದ ಸಚಿತ್ರ ದಿನಚರಿ 1995ರಲ್ಲಿ ಯಥಾಪ್ರತಿಯಾಗಿ ಅಚ್ಚಾಗಿತ್ತು.

ಭಾರತದಲ್ಲಿ ಭೂಪೇನ್ ಖಖ್ಖರ್ 1960ರ ದಶಕದಲ್ಲಿ ಬಜಾರಿನಲ್ಲಿ ಸಿಗುವ ದೇವರ ಪಟಗಳನ್ನು ಕತ್ತರಿಸಿ ಕೊಲಾಜ್ ಮಾಡಿದ್ದುಂಟು. ಶಾಂತಿನಿಕೇತನದ ವಿನೋದಬಿಹಾರಿ ಮುಖರ್ಜಿ 1950ರ ದಶಕದಲ್ಲಿ ಸಂಪೂರ್ಣವಾಗಿ ದೃಷ್ಟಿ ಕಳೆದುಕೊಂಡ ನಂತರ ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸುವ ಮೂಲಕ ತಮ್ಮ ಕಲಾಜೀವನವನ್ನು ಮುಂದುವರಿಸಿದರು.

ಕಡತ

ಕೈಯಿಂದ ಮಾಡಿದ ಪುಸ್ತಕದ ಒಂದು ರೂಪ ಕರ್ನಾಟಕದಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯ ಮಿಶ್ರಣವನ್ನು ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಸಿದರೆ ಕಡತ ಸಿದ್ಧವಾಗುತ್ತಿತ್ತು. ಕಪ್ಪಾದ ಆ ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದಿತ್ತು. ವರ್ತಕರ ಲೆಕ್ಕ, ಮಠಗಳ ಆಡಳಿತದ ವಿವರ ಇವುಗಳಲ್ಲಿ ದಾಖಲಾಗುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಮುಖ್ಯ ಆಕರಗಳಾಗಿವೆ. ಸರ್ಕಾರಿ ಕಚೇರಿಯ ಫೈಲಿಗೆ ಇಂದು ಕಡತ ಎನ್ನುವುದು ಇದೇ ಪದದ ಮುಂದುವರಿಕೆ. ಹವ್ಯಾಸಿಗಳು ಇಂದು ಅಕಾರ್ಡಿಯನ್ ಮಡಿಕೆಯ ಪುಸ್ತಕ ಎಂದು ಕರೆಯುವ ರಚನೆಯೂ ಕಡತದ ರಚನೆಯೂ ಒಂದೇ. ಹೊಲಿಗೆಯ ಅಗತ್ಯವಿಲ್ಲದ ಕಾರಣ ದಪ್ಪನೆಯ ಕೊಲಾಜಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಪುಸ್ತಕ ಕಟ್ಟುವುದು

ಮಾರುಕಟ್ಟೆಯ ನೋಟ್‌ಬುಕ್ಕಿನ ಕಾಗದ ಸಾಮಾನ್ಯವಾಗಿ ಚದರ ಮೀಟರಿಗೆ 60ರಿಂದ 80 ಗ್ರಾಂ ತೂಕದ್ದು. ಅಂಟು ಮತ್ತು ಬಣ್ಣದ ತೇವವನ್ನು ಅದು ತಡೆಯಲಾರದು. 150 ಗ್ರಾಂಗಿಂತ ಹೆಚ್ಚು ತೂಕದ ಡ್ರಾಯಿಂಗ್ ಹಾಳೆ ಅಥವಾ ಹತ್ತಿಚಿಂದಿಯಿಂದ ಮಾಡಿದ ಕೈಕಾಗದ ಉತ್ತಮ.

ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಹಾಸಿರುತ್ತವೆ. ಹಾಳೆಯನ್ನು ಮಡಿಸದೆ ಎರಡೂ ದಿಕ್ಕಿನಲ್ಲಿ ಮೆಲ್ಲಗೆ ಬಾಗಿಸಿ ನೋಡಿದರೆ, ಯಾವ ದಿಕ್ಕಿನ ಬಾಗು ಸುಲಭವೋ ಆ ಮಡಿಕೆಗೆ ಸಮಾನಾಂತರವಾಗಿ ನಾರು ಇದೆ ಎಂದು ತಿಳಿಯಬಹುದು. ತೇವ ತಾಗಿದಾಗ ಕಾಗದ ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ನಾರಿನ ದಿಕ್ಕು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು. ಹಾಗಿಲ್ಲದಿದ್ದರೆ ಹೊಲಿಗೆಯಲ್ಲಿ ಬಿಗಿಯಾಗಿರುವ ಅಂಚಿನ ಉದ್ದಕ್ಕೂ ಪುಟ ಹಿಗ್ಗಲು ಹೋಗಿ, ಜಾಗ ಸಾಲದೆ ಅಲೆ ಅಲೆಯಾಗಿ ಏಳುತ್ತದೆ. ಆರಂಭಿಕರ ಪುಟಗಳು ಸುಕ್ಕಾಗುವುದಕ್ಕೆ ಅಂಟನ್ನು ದೂರುವುದು ವಾಡಿಕೆ. ಅನೇಕ ವೇಳೆ ಕಾರಣ ಈ ನಾರಿನ ದಿಕ್ಕೇ ಆಗಿರುತ್ತದೆ.

ಅತ್ಯಂತ ಸರಳವಾದ ಕಟ್ಟು ಮೂರು ರಂಧ್ರದ ಹೊಲಿಗೆ. ನಾಲ್ಕೈದು ಹಾಳೆಗಳನ್ನು ನಡುವೆ ಮಡಿಸಿ, ಒಂದರೊಳಗೊಂದು ಸೇರಿಸಿ, ದಪ್ಪ ಕಾಗದದ ಹೊದಿಕೆ ಹಾಕಿ, ಮಡಿಕೆಯ ಮೇಲೆ ದಬ್ಬಳದಿಂದ ಮೂರು ರಂಧ್ರ ಮಾಡಬೇಕು. ದಾರವನ್ನು ಒಳಗಿನಿಂದ ನಡುವಿನ ರಂಧ್ರದ ಮೂಲಕ ಹೊರಕ್ಕೆ ತಂದು, ಮೇಲಿನ ರಂಧ್ರದಿಂದ ಒಳಕ್ಕೆ ಎಳೆದು, ಒಳಭಾಗದಲ್ಲಿ ನಡುವಿನ ರಂಧ್ರವನ್ನು ದಾಟಿಸಿ, ಕೆಳಗಿನ ರಂಧ್ರದಿಂದ ಹೊರಕ್ಕೆ ತೆಗೆದು, ಮತ್ತೆ ನಡುವಿನ ರಂಧ್ರದಿಂದ ಒಳಕ್ಕೆ ತರಲಾಗುತ್ತದೆ. ದಾರದ ಎರಡು ತುದಿಗಳು ಒಳಗಿನ ಉದ್ದನೆಯ ಎಳೆಯ ಎರಡು ಪಕ್ಕದಲ್ಲಿರುವಂತೆ ನೋಡಿಕೊಂಡು ಗಂಟು ಹಾಕಿದರೆ ಕಟ್ಟು ಬಿಗಿಯಾಗುತ್ತದೆ. ಹತ್ತಿಯ ದಾರವನ್ನು ಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಅದು ಸಿಕ್ಕಾಗುವುದಿಲ್ಲ.

ಕೊಲಾಜ್ ತುಂಬುತ್ತ ಹೋದಂತೆ ಪುಟಗಳು ದಪ್ಪವಾಗುತ್ತವೆ. ಬೆನ್ನು ಮಾತ್ರ ಮೊದಲಿನಷ್ಟೇ ಇರುತ್ತದೆ. ಕೊನೆಗೆ ಪುಸ್ತಕ ಮುಚ್ಚಲಾಗದೆ ಬಾಯಿ ತೆರೆದು ನಿಲ್ಲುತ್ತದೆ. ಕಟ್ಟುವಾಗಲೇ ಪ್ರತಿ ಎರಡು ಮೂರು ಹಾಳೆಗಳ ನಡುವೆ ಬೆರಳಗಲದ ರಟ್ಟಿನ ಇಲ್ಲವೇ ದಪ್ಪ ಕಾಗದದ ಪಟ್ಟಿಯನ್ನು ಬೆನ್ನಿನ ಬಳಿ ಸೇರಿಸಿ ಹೊಲಿದರೆ ಈ ತೊಂದರೆ ತಪ್ಪುತ್ತದೆ. ಈಗಾಗಲೇ ಕಟ್ಟಿದ ಪುಸ್ತಕವಾದರೆ ಅಲ್ಲಲ್ಲಿ ಒಂದೊಂದು ಹಾಳೆಯನ್ನು, ಬೆನ್ನಿನ ಕಡೆ ಒಂದು ಸೆಂಟಿಮೀಟರ್ ಉಳಿಸಿ, ಕತ್ತರಿಸಿ ತೆಗೆಯುವುದು ರೂಢಿ.

ಕೊಲಾಜ್

ಹಳೆಯ ಲಗ್ನಪತ್ರಿಕೆ, ಬೆಂಕಿಪೆಟ್ಟಿಗೆಯ ಲೇಬಲ್, ಅಂಚೆಚೀಟಿ, ಗೋಡೆ ಕ್ಯಾಲೆಂಡರಿನ ಹಾಳೆ, ನಕಾಶೆ, ದರ್ಜಿಯ ಅಂಗಡಿಯ ಬಟ್ಟೆಚೂರು, ಹೀಗೆ ಬಹುತೇಕ ಯಾವುದೇ ತೆಳುವಾದ ವಸ್ತು ಕೊಲಾಜಿಗೆ ಒದಗುತ್ತದೆ. ಕತ್ತರಿಯಿಂದ ಕತ್ತರಿಸಿದ ಅಂಚು ಚೂಪಾಗಿದ್ದು ಆಕೃತಿಯನ್ನು ಹಿನ್ನೆಲೆಯಿಂದ ಬೇರ್ಪಡಿಸುತ್ತದೆ. ಕೈಯಿಂದ ಹರಿದ ಅಂಚು ಹಿನ್ನೆಲೆಯಲ್ಲಿ ಬೆರೆಯುತ್ತದೆ. ಮುದ್ರಿತ ಕಾಗದವನ್ನು ಹರಿದಾಗ ಒಂದು ತುಣುಕಿನಲ್ಲಿ ಬಿಳಿಯ ನಾರಿನ ಅಂಚು ಕಾಣಿಸಿಕೊಳ್ಳುತ್ತದೆ. ಅದನ್ನು ದೋಷವೆಂದು ಮುಚ್ಚುವವರೂ ಇದ್ದಾರೆ, ಬೇಕೆಂದೇ ಉಳಿಸಿಕೊಳ್ಳುವವರೂ ಇದ್ದಾರೆ.

ತುಣುಕುಗಳನ್ನು ಅಂಟಿಲ್ಲದೆ ಪುಟದ ಮೇಲೆ ಜೋಡಿಸಿ ನೋಡಿ, ಒಪ್ಪಿಗೆಯಾದ ಜೋಡಣೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ನಂತರ ಕೆಳಪದರದಿಂದ ಮೇಲಕ್ಕೆ ಒಂದೊಂದಾಗಿ ಅಂಟಿಸುವುದು ಅನುಕೂಲಕರ. ಅಂಟನ್ನು ತುಣುಕಿನ ನಡುವಿನಿಂದ ಅಂಚಿನ ಕಡೆಗೆ ತೆಳುವಾಗಿ ಸವರಬೇಕು. ಅಂಟಿಸಿದ ಮೇಲೆ ಒಣಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒತ್ತಿದರೆ ಒಳಗಿನ ಗಾಳಿ ಹೊರಹೋಗುತ್ತದೆ. ಪುಟಗಳ ನಡುವೆ ಮೇಣದ ಕಾಗದವಿಟ್ಟು, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಲಾಗುತ್ತದೆ. ತೇವವಾದ ತುಣುಕು ಒಣಗುವಾಗ ಕುಗ್ಗಿ, ಪುಟವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಪುಟದ ಹಿಂಬದಿಯಲ್ಲೂ ಸುಮಾರು ಅಷ್ಟೇ ಅಗಲದ ಕಾಗದ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮವಾಗಿ ಪುಟ ನೇರವಾಗುತ್ತದೆ.

ಅಂಟಿನ ಆಯ್ಕೆ ಕೇವಲ ಅನುಕೂಲದ ಪ್ರಶ್ನೆಯಲ್ಲ. ಮೈದಾ ಅಥವಾ ಗಂಜಿಯ ಅಂಟು ನೀರು ತಾಗಿಸಿದರೆ ಮತ್ತೆ ಬಿಡುತ್ತದೆ. ಮರಗೆಲಸಕ್ಕೂ ಬಳಸುವ ಬಿಳಿಯ ಪಾಲಿವಿನೈಲ್ ಅಂಟು ಒಮ್ಮೆ ಒಣಗಿದ ಮೇಲೆ ಕಾಗದಕ್ಕೆ ಹಾನಿಯಾಗದಂತೆ ಬಿಡಿಸುವುದು ಬಹುಮಟ್ಟಿಗೆ ಅಸಾಧ್ಯ. ಅಜ್ಜನ ಕೈಬರಹದ ಪತ್ರ, ಇರುವ ಒಂದೇ ಒಂದು ಕುಟುಂಬದ ಛಾಯಾಚಿತ್ರ, ಜಮೀನಿನ ಹಳೆಯ ಕಾಗದಪತ್ರ ಮುಂತಾದವು ಕಲಾ ದಿನಚರಿಯಲ್ಲಿ ಹೀಗೆ ಶಾಶ್ವತವಾಗಿ ಸಿಕ್ಕಿಕೊಂಡಿರುವುದುಂಟು. ಹಿಂಬದಿಯಲ್ಲಿ ಬರೆದಿದ್ದ ಹೆಸರು, ತಾರೀಕುಗಳು ಅದರೊಂದಿಗೇ ಕಣ್ಮರೆಯಾಗುತ್ತವೆ. ಇಂತಹ ವಸ್ತುಗಳ ಜೆರಾಕ್ಸ್ ಪ್ರತಿಯನ್ನು ಅಂಟಿಸಿ ಮೂಲವನ್ನು ಬೇರೆಯಾಗಿ ಇಡುವುದು, ಇಲ್ಲವೇ ಮೂಲವನ್ನೇ ಇಡಬೇಕಾದರೆ ನಾಲ್ಕು ಮೂಲೆಗೆ ಕಾಗದದ ಕಿಸೆ ಮಾಡಿ ಅದರಲ್ಲಿ ಸಿಕ್ಕಿಸುವುದು ಸುರಕ್ಷಿತ ಮಾರ್ಗ.

ರಬ್ಬರ್ ಮುದ್ರೆ

ಹಸಿ ರಬ್ಬರ್ ಬಿಸಿಲಿಗೆ ಅಂಟಾಗಿ ಚಳಿಗೆ ಗಡುಸಾಗುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ನಿವಾರಣೆಯಾಗುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದನು. ರಬ್ಬರ್ ಮುದ್ರೆಗಳು ಬಂದದ್ದು ಇದರ ನಂತರ, 1860ರ ದಶಕದಲ್ಲಿ. ಆಗಿನ ದಂತವೈದ್ಯರು ಕೃತಕ ಹಲ್ಲಿನ ವಸಡನ್ನು ಗಡುಸು ರಬ್ಬರಿನಿಂದ ಮಾಡುತ್ತಿದ್ದರು. ಅದಕ್ಕಾಗಿ ಅವರ ಬಳಿಯಿದ್ದ ಸಣ್ಣ ಕುದಿಪಾತ್ರೆಗಳೇ ಮೊದಮೊದಲ ಮುದ್ರೆಗಳ ತಯಾರಿಕೆಗೂ ಬಳಕೆಯಾದವು.

ಕಚೇರಿಯ ಮೊಹರಿನಲ್ಲಿ ಮೂರು ಭಾಗಗಳಿರುತ್ತವೆ: ಉಬ್ಬು ಅಕ್ಷರದ ರಬ್ಬರ್, ಅದರ ಹಿಂದಿನ ಮೆತ್ತನೆಯ ಪದರ ಮತ್ತು ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿ. ತಾಲ್ಲೂಕು ಕಚೇರಿ, ನ್ಯಾಯಾಲಯಗಳ ಸುತ್ತಮುತ್ತಲಿನ ಅಂಗಡಿಗಳಲ್ಲಿ ಬೇಕಾದ ರೇಖಾಚಿತ್ರ ಕೊಟ್ಟು ಮುದ್ರೆ ಮಾಡಿಸಿಕೊಳ್ಳಬಹುದು. ಆದರೆ ಕಲಾ ದಿನಚರಿಗೆ ಕೈಯಿಂದ ಕೆತ್ತಿದ ಮುದ್ರೆಯ ಒರಟುತನವೇ ಹೆಚ್ಚು ಮೆಚ್ಚುಗೆಯಾದದ್ದು. ಪೆನ್ಸಿಲ್ ಗುರುತು ಅಳಿಸುವ ದೊಡ್ಡ ರಬ್ಬರ್ ಇದಕ್ಕೆ ಸಾಕು. ತೆಳುಕಾಗದದ ಮೇಲೆ ಮೆದು ಪೆನ್ಸಿಲ್ಲಿನಿಂದ ಚಿತ್ರ ಬರೆದು, ಬರೆದ ಮುಖವನ್ನು ರಬ್ಬರಿನ ಮೇಲೆ ಕವುಚಿ ಉಜ್ಜಿದರೆ ಚಿತ್ರ ಎಡಬಲ ತಿರುಗಿ ಮೂಡುತ್ತದೆ. ಅದನ್ನೇ ಕೆತ್ತಿದರೆ ಪುಟದ ಮೇಲೆ ಚಿತ್ರ ಸರಿಯಾಗಿ ಬೀಳುತ್ತದೆ. ಕೆತ್ತುವಾಗ ಗೆರೆಯ ಗೋಡೆಗಳು ಬುಡದ ಕಡೆಗೆ ಅಗಲವಾಗುವಂತೆ ಇಳಿಜಾರಾಗಿರಬೇಕು. ಬುಡ ಸಣ್ಣದಾದರೆ ಒತ್ತಿದಾಗ ಗೆರೆ ಬಾಗಿ ಮುರಿಯುತ್ತದೆ.

ಕನ್ನಡ ಅಕ್ಷರಗಳನ್ನು ಕೆತ್ತುವವರು ಎರಡು ಸಂಗತಿ ಗಮನಿಸುತ್ತಾರೆ. ಅಕ್ಷರಗಳು ದುಂಡಾಗಿರುವುದರಿಂದ ಉಳಿಯನ್ನು ತಿರುಗಿಸುವ ಬದಲು ಅದನ್ನು ಸ್ಥಿರವಾಗಿ ಹಿಡಿದು ರಬ್ಬರನ್ನೇ ತಿರುಗಿಸಿದರೆ ತಿರುವು ನಯವಾಗುತ್ತದೆ. ಪ್ರತಿ ಅಕ್ಷರವನ್ನು ತಿರುವುಮುರುವಾಗಿ ಬರೆದರಷ್ಟೇ ಸಾಲದು, ಪದದ ಅಕ್ಷರಗಳ ಅನುಕ್ರಮವೂ ಬಲದಿಂದ ಎಡಕ್ಕೆ ಇರಬೇಕು. ಒತ್ತಕ್ಷರ ಮಾತ್ರ ಕೆಳಗೇ ಉಳಿಯುತ್ತದೆ. ಕೆತ್ತಿದ ರಬ್ಬರನ್ನು ಕನ್ನಡಿಯಲ್ಲಿ ನೋಡುವುದು ಹಳೆಯ, ತಪ್ಪದ ಪರೀಕ್ಷೆ. ಠ ಅಕ್ಷರದ ನಡುವಿನ ಚುಕ್ಕೆಯಂತಹ ಬಿಡಿಭಾಗ ಕೊರೆಯಚ್ಚಿನಲ್ಲಿ ಉದುರಿಹೋಗುತ್ತದೆ, ಮುದ್ರೆಯಲ್ಲಿ ಬುಡಕ್ಕೆ ಅಂಟಿಕೊಂಡೇ ಇರುವುದರಿಂದ ತೊಂದರೆಯಿಲ್ಲ. ರಬ್ಬರ್ ಸಿಗದಿದ್ದಲ್ಲಿ ಅಡ್ಡಲಾಗಿ ಕತ್ತರಿಸಿದ ಬೆಂಡೆಕಾಯಿ, ಕೆತ್ತಿದ ಆಲೂಗಡ್ಡೆಗಳೂ ನಡೆಯುತ್ತವೆ. ಶಾಲೆಗಳಲ್ಲಿ ಮಕ್ಕಳಿಗೆ ಅಚ್ಚಿನ ಪರಿಚಯವಾಗುವುದು ಹೆಚ್ಚಾಗಿ ಇವುಗಳಿಂದಲೇ.

ಶಾಯಿಯಲ್ಲಿ ಮುಖ್ಯವಾಗಿ ಎರಡು ಬಗೆ. ಕರಗಿದ ಬಣ್ಣದ ಶಾಯಿ ಕಾಗದದೊಳಗೆ ಇಂಗಿ ಬೇಗ ಒಣಗುತ್ತದೆ, ಬೆಳಕಿಗೆ ಬೇಗ ಮಾಸುತ್ತದೆ. ಕಚೇರಿಯ ನೇರಳೆ ಶಾಯಿ ಈ ಬಗೆಯದು. ಅದರ ಮೇಲೆ ನೀರುಬಣ್ಣ ತಾಗಿದರೆ ಹರಡಿ ಇಡೀ ಪುಟ ನೇರಳೆಯಾಗುತ್ತದೆ. ವರ್ಣದ್ರವ್ಯದ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳಿದ್ದು ಅವು ಕಾಗದದ ಮೇಲ್ಮೈಯಲ್ಲಿ ನಿಲ್ಲುತ್ತವೆ. ಅದು ನಿಧಾನವಾಗಿ ಒಣಗುತ್ತದೆ, ನುಣುಪಾದ ಪತ್ರಿಕೆಯ ಕಾಗದದ ಮೇಲಂತೂ ದಿನಗಟ್ಟಲೆ ಒಣಗದೆ ಕೈಗೆ ಮೆತ್ತುತ್ತದೆ; ಆದರೆ ಬಣ್ಣ ಬಹುಕಾಲ ಉಳಿಯುತ್ತದೆ. ಅದು ಹಸಿಯಾಗಿರುವಾಗಲೇ ಮೇಲೆ ರಾಳದ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಬಿಸಿಗಾಳಿ ಹಾಯಿಸಿದರೆ ಪುಡಿ ಕರಗಿ ಉಬ್ಬು ಗೆರೆಯಾಗುತ್ತದೆ.

ಮುದ್ರೆಯನ್ನು ನೇರವಾಗಿ ಇಳಿಸಿ, ಅಲುಗಿಸದೆ ಒತ್ತಿ, ನೇರವಾಗಿ ಎತ್ತಬೇಕು. ಹೊರಳಿಸಿದರೆ ಆಕೃತಿಯ ಸುತ್ತ ರಬ್ಬರಿನ ಅಂಚಿನ ಗುರುತು ಬೀಳುತ್ತದೆ. ಕೊಲಾಜ್ ಇರುವ ಪುಟ ಏರುಪೇರಾಗಿರುವುದರಿಂದ ಮುದ್ರೆ ಅರ್ಧಂಬರ್ಧ ಮೂಡುವುದು ಸಾಮಾನ್ಯ. ಪುಟದ ಅಡಿಯಲ್ಲಿ ಮಡಿಸಿದ ಪತ್ರಿಕೆಯಿಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಇನ್ನೂ ನಿಶ್ಚಿತವಾದ ಉಪಾಯವೆಂದರೆ, ತೆಳುವಾದ ಟಿಶ್ಯೂ ಕಾಗದದ ಮೇಲೆ ಮುದ್ರೆಯೊತ್ತಿ, ಒಣಗಿದ ಮೇಲೆ ಅದನ್ನೇ ಪುಟಕ್ಕೆ ಅಂಟಿಸುವುದು. ಬಿಳಿ ಅಂಟಿನಲ್ಲಿ ಟಿಶ್ಯೂ ಬಹುತೇಕ ಪಾರದರ್ಶಕವಾಗಿ ಆಕೃತಿ ಮಾತ್ರ ಉಳಿಯುತ್ತದೆ. ಇದಕ್ಕೆ ನೀರಿಗೆ ಕರಗದ ಶಾಯಿಯೇ ಬೇಕು.

ಹಕ್ಕುಗಳು

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಲಾಕೃತಿಯ ಹಕ್ಕು ಸಾಮಾನ್ಯವಾಗಿ ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷಗಳವರೆಗೆ ಇರುತ್ತದೆ. ಖಾಸಗಿ ಬಳಕೆಗೆ ನ್ಯಾಯೋಚಿತ ವಿನಾಯಿತಿ ಇದೆ. ಪುಟವನ್ನು ಪ್ರಕಟಿಸಿದಾಗ ಅಥವಾ ಮಾರಿದಾಗ ಈ ವಿನಾಯಿತಿಯನ್ನು ನೆಚ್ಚಿಕೊಳ್ಳಲಾಗದು. ಸರ್ಕಾರಿ ಮೊಹರುಗಳ ನಕಲನ್ನು ವಂಚನೆಗಾಗಿ ಕೆತ್ತುವುದು ಶಿಕ್ಷಾರ್ಹ ಅಪರಾಧವಾದ್ದರಿಂದ, ಕಲೆಗಾಗಿಯೂ ನಿಜವಾದ ಮೊಹರಿನ ಪಡಿಯಚ್ಚು ಮಾಡದಿರುವುದು ಒಳ್ಳೆಯದು.

ಸಂರಕ್ಷಣೆ

ಕಲಾ ದಿನಚರಿಗಳು ಗ್ರಂಥಪಾಲಕರಿಗೆ ಕಷ್ಟ ಕೊಡುವ ಪುಸ್ತಕಗಳು. ಒಂದೇ ಪುಟದಲ್ಲಿ ಹತ್ತು ಬಗೆಯ ಕಾಗದ, ನಾಲ್ಕು ಬಗೆಯ ಅಂಟು, ಲೋಹದ ಪಿನ್ನು, ಒಣಗಿದ ಎಲೆ ಇರಬಹುದು, ಒಂದಕ್ಕೆ ಹಿತವಾದ ಉಪಚಾರ ಇನ್ನೊಂದನ್ನು ಕೆಡಿಸಬಹುದು. ಸುದ್ದಿಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ ಅದು ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಅದರ ಆಮ್ಲೀಯತೆ ಎದುರಿನ ಪುಟಕ್ಕೂ ಹರಡಿ ಕಂದು ನೆರಳು ಮೂಡಿಸುತ್ತದೆ. ಸೆಲ್ಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ, ಜಿನುಗಿ, ಟೇಪು ಉದುರಿದ ಮೇಲೂ ಕಲೆಯಾಗಿ ಉಳಿಯುತ್ತದೆ. ಯಂತ್ರದಿಂದ ಬರುವ ಈಗಿನ ಬಸ್ ಟಿಕೆಟ್ಟು, ಅಂಗಡಿಯ ಬಿಲ್ಲುಗಳು ಶಾಖಕ್ಕೆ ಕಪ್ಪಾಗುವ ಕಾಗದದ್ದಾದ್ದರಿಂದ ತಾವಾಗಿಯೇ ಅಳಿಸಿಹೋಗುತ್ತವೆ. ಅವುಗಳ ಜೆರಾಕ್ಸನ್ನೇ ಅಂಟಿಸಬೇಕು.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ದೊಡ್ಡ ಶತ್ರು. ಗಂಜಿಯ ಅಂಟನ್ನು ತಿನ್ನಲು ಬರುವ ಬೆಳ್ಳಿಹುಳು, ಜಿರಲೆಗಳೂ ಕಡಿಮೆಯಿಲ್ಲ. ಪುಸ್ತಕ ಕಟ್ಟುವ ಹಳೆಯ ಕುಶಲಕರ್ಮಿಗಳು ಇದನ್ನು ತಡೆಯಲು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷವಾದ್ದರಿಂದ ಮಕ್ಕಳ ಕೈಗೆ ಸಿಗುವ ಪುಸ್ತಕಗಳಲ್ಲಿ ಬಳಸತಕ್ಕದ್ದಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ತೇವ ಒಳಗೇ ಉಳಿದು ಬೂಷ್ಟು ಹೆಚ್ಚುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಅಡ್ಡಲಾಗಿ ಮಲಗಿಸಿಟ್ಟು, ಮಳೆ ಬಿಡುವು ಕೊಟ್ಟ ದಿನಗಳಲ್ಲಿ ನೆರಳಿನಲ್ಲಿ ಪುಟ ಬಿಡಿಸಿ ಗಾಳಿಯಾಡಿಸುವುದು ವಾಡಿಕೆ.